ದೇವರ ಗಡಿಗೆಯ ಜೋಳ

ಮಾನ್ವಿಯ ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆಗಳು ಹನ್ನೊಂದು. ಹನ್ನೊಂದರಲ್ಲೂ ಒಲೆಯ ಪಕ್ಕ ಒಂದೊಂದು ದೇವರ ಗಡಿಗೆ. ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಚೀಲದಿಂದ ಒಂದು ಹಿಡಿ ಜೋಳ ತೆಗೆದು ಅದಕ್ಕೆ ಹಾಕಬೇಕು, ಸಂಜೆ ಇನ್ನೊಂದು ಹಿಡಿ. ತಿಂಗಳ ಮೊದಲ ಭಾನುವಾರ ಹೆಂಗಸರು ಅದನ್ನು ಚರ್ಚಿಗೆ ಒಯ್ದು ಪೀಠದ ಮುಂದಿನ ದೊಡ್ಡ ಬುಟ್ಟಿಗೆ ಸುರಿಯುತ್ತಿದ್ದರು. ಮನೆಯಲ್ಲಿ ಉಣ್ಣಲಿಕ್ಕೆ ಇರಲಿ ಬಿಡಲಿ, ಈ ಹಿಡಿ ತಪ್ಪುವಂತಿಲ್ಲ. ಆ ಗಡಿಗೆಗೆ ಹಾಕಿದ್ದನ್ನು ಯಾರಾದರೂ ಹಿಂದೆ ತೆಗೆದರು ಎಂಬ ಮಾತನ್ನು ನಾವು ಕೇಳಿರಲಿಲ್ಲ, ಎಪ್ಪತ್ತೊಂಬತ್ತನೇ ಇಸವಿಯವರೆಗೆ.

ಹಾಗೆ ಜೋಳ ತೆಗೆದ ಗಡಿಗೆ ಗೌಂಡಿ ಮಾರೆಪ್ಪನ ಮನೆಯದು. ಮಾರೆಪ್ಪ ಸಭೆಯ ಹಿರಿಯ. ಚರ್ಚಿನ ಗೋಡೆ ಕಟ್ಟಿದವನೂ ಅವನೇ, ಅದರೊಳಗೆ ಮುಂದಿನ ಬೆಂಚಿನಲ್ಲಿ ಕೂಡುವವನೂ ಅವನೇ. ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಹೆಂಡತಿ ಬಸ್ಸಮ್ಮ ಆಡಿ ಮುಗಿಸುತ್ತಿದ್ದಳು. ಮಗ ಸಾಮುವೇಲ ಮಾನ್ವಿಯಲ್ಲೇ ಕಲ್ಲಿನ ಕೆಲಸ ಮಾಡುವವನು. ಕಲ್ಲು ಎತ್ತುವ ಗಟ್ಟಿತನ ಇತ್ತು, ತಾಯಿಯ ಎದುರು ದನಿ ಎತ್ತುವ ಗಟ್ಟಿತನ ಇರಲಿಲ್ಲ.

ಸೊಸೆ ಮಾನಮ್ಮ ದೇವದುರ್ಗದ ಕಡೆ ಅರಕೇರಾದವಳು. ಮದುವೆಯ ಮುಂಚೆ ದೀಕ್ಷಾಸ್ನಾನವೇನೋ ಆಗಿತ್ತು, ಆದರೆ ಕರ್ತನ ಭೋಜನಕ್ಕೆ ಅವಳನ್ನು ಇನ್ನೂ ಸೇರಿಸಿಕೊಂಡಿರಲಿಲ್ಲ. ಅದಕ್ಕೆ ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಪ್ರಶ್ನೋತ್ತರ ಎಲ್ಲ ಬಾಯಿಪಾಠ ಒಪ್ಪಿಸಬೇಕು, ಸಭೆಯ ಹಿರಿಯರು ಹೂಂ ಅನ್ನಬೇಕು. ಎಲ್ಲರೂ ಪೀಠದ ಮುಂದೆ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವಾಗ ಅವಳು ಹಿಂದಿನ ಚಾಪೆಯ ಮೇಲೆ ಸಣ್ಣ ಮಕ್ಕಳ ಜೊತೆ ಕೂತಿರುತ್ತಿದ್ದಳು. ಎರಡು ವರ್ಷ ಹಾಗೆ ಕೂತಿದ್ದಳು. ಮದುವೆಯಾದ ಹೆಂಗಸಿಗೆ ಅದು ಎಂಥ ಸಂಕಟ ಅಂತೀರಿ! ಆ ವರ್ಷದ ಈಸ್ಟರ್ ಹಬ್ಬಕ್ಕೆ ರಾಯಚೂರಿನಿಂದ ದೊಡ್ಡ ಅಯ್ಯನವರು ಬಂದು ಹೊಸಬರನ್ನು ಸೇರಿಸಿಕೊಳ್ಳುವವರಿದ್ದರು. ಓದು ಬಾರದ ಮಾನಮ್ಮ ಗಂಡನ ಬಾಯಿಂದ ಕೇಳಿ ಕೇಳಿ, ರೊಟ್ಟಿ ಬಡಿಯುತ್ತ ಒಂದೊಂದೇ ಆಜ್ಞೆ ಬಾಯಿಗೆ ತಂದುಕೊಳ್ಳುತ್ತಿದ್ದಳು. ಈ ಸಲ ಚಾಪೆ ಬಿಟ್ಟು ಏಳುವುದು ಖಂಡಿತ ಎಂದು ಅವಳು ನಂಬಿದ್ದಳು.

ಫೆಬ್ರವರಿಯ ಮೊದಲ ಶನಿವಾರ ಬಸ್ಸಮ್ಮ ಗಡಿಗೆ ಬಗ್ಗಿಸಿ ಸೇರಿನಲ್ಲಿ ಅಳೆದಳು. ನಾಲ್ಕು ಸೇರು ಬರುವುದು ಎರಡೂವರೆಗೆ ನಿಂತಿತು.

"ಏನಬೇ ಇದು?"

"ಒಂದಿನಾನೂ ತಪ್ಪಿಸಿಲ್ಲ ಅತ್ತಿ. ಮುಂಜಾನಿ ಒಂದು, ಸಂಜಿಕ ಒಂದು ಹಾಕೀನಿ."

"ಹಿಡಿ ತೋರಿಸು ನಿಂದು."

ಮಾನಮ್ಮ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ತೋರಿಸಿದಳು.

"ಇದು ಹಿಡಿನಾ? ಗುಬ್ಬಿಗೆ ಕಾಳು ಹಾಕಿದಂಗ ಅದ. ದೇವರಿಗೆ ಕೊಡೋ ಮುಂದ ಮುಷ್ಟಿ ಬಿಗೀತದ ನಿಂದು."

"ನನ್ನ ಕೈ ಇರೋದ ಇಷ್ಟು. ಮತ್ತೊಬ್ಬರ ಕೈ ಎಲ್ಲಿಂದ ತರಲಿ ಅತ್ತಿ?"

ಸಾಮುವೇಲ ನಕ್ಕುಬಿಟ್ಟ. ತಾಯಿ ತಿರುಗಿ ನೋಡಿದ್ದೇ ತಡ, ಬಾಯಿಗೆ ರೊಟ್ಟಿ ತುಂಬಿಕೊಂಡ. ಮಾರೆಪ್ಪ ಊಟದ ಗಂಗಾಳದಿಂದ ತಲೆ ಎತ್ತಲಿಲ್ಲ. ಅವನು ಯಾವತ್ತೂ ಎತ್ತುವವನಲ್ಲ, ಹಾಗಾಗಿ ಯಾರೂ ಅದನ್ನು ಗಮನಿಸಲಿಲ್ಲ.

ಆ ತಿಂಗಳು ಮಾನಮ್ಮ ಹಠ ಹಿಡಿದು ಬೊಗಸೆ ಬೊಗಸೆ ಹಾಕಿದಳು. ಮಾರ್ಚಿನಲ್ಲಿ ಅಳೆದರೆ ಮತ್ತೆ ಮೂರು ಸೇರೂ ಇಲ್ಲ. ನಡುವೆ ಅವಳ ತಮ್ಮ ಯಮನೂರಪ್ಪ ಅರಕೇರಾದಿಂದ ಬಂದು, ಅಕ್ಕನ ಮನೆಗೆಂದು ಶೇಂಗಾ ಕೊಟ್ಟು, ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೋಗಿದ್ದ. ಬಸ್ಸಮ್ಮನಿಗೆ ಅಷ್ಟು ಸಾಕಾಯಿತು.

"ಖಾಲಿ ಚೀಲ ಅಂತ ಯಾರು ನೋಡ್ಯಾರ?" ಎಂದಳು ಊಟದ ಹೊತ್ತಿಗೆ.

"ನನ್ನ ತಮ್ಮ ಕೊಡಾಕ ಬಂದಿದ್ದ ಅತ್ತಿ, ಒಯ್ಯಾಕ ಅಲ್ಲ!"

"ಹಂಗಾರ ಜ್ವಾಳಕ್ಕ ಕಾಲು ಬಂದಾವೇನು? ಎಂಟನೇ ಆಜ್ಞಾ ಹೇಳು. ದಿನಾ ಬಾಯಿಪಾಠ ಮಾಡಾಕತ್ತೀಯಲ್ಲ, ಹೇಳು ನೋಡೂಣು."

ಮಾನಮ್ಮನ ಕೈಯಲ್ಲಿ ಅರ್ಧ ಬಡಿದ ರೊಟ್ಟಿ ಇತ್ತು. "ಕದಿಯಬಾರದು," ಅಂದಳು.

"ಬಾಯಾಗ ಅದ, ಕೈಯಾಗ ಇಲ್ಲ. ನಾಳಿಯಿಂದ ಆ ಗಡಿಗಿ ಮುಟ್ಟಬ್ಯಾಡ. ದೇವರ ಹಿಡಿ ನಾ ಹಾಕ್ತೀನಿ."

"ಯವ್ವಾ, ಸಾಕು ಮಾಡು," ಅಂದ ಸಾಮುವೇಲ. ಅಷ್ಟೇ ಅಂದ. ಮಾನಮ್ಮ ರೊಟ್ಟಿಯನ್ನು ಹೆಂಚಿಗೆ ಹಾಕಿ, ಸುಡಲು ಬಿಟ್ಟು, ಹಿತ್ತಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು.

ಗಡಿಗೆಯ ಜೋಳ ತೆಗೆದವನು ಅಲ್ಲೇ ಕೂತು ರೊಟ್ಟಿ ಮುರಿಯುತ್ತಿದ್ದ. ಮಾರೆಪ್ಪನೇ.

ಮಾರೆಪ್ಪನಿಗೆ ಒಬ್ಬ ಮಗಳಿದ್ದಳು, ಎಸ್ತೇರಮ್ಮ. ಎರಡು ವರ್ಷದ ಹಿಂದೆ ಅವಳು ಅಂಬಣ್ಣ ಎಂಬ ಕುರಿ ಕಾಯುವ ಮನೆತನದ ಹುಡುಗನ ಜೊತೆ ಹೋಗಿ, ನೀರಮಾನ್ವಿ ಯಲ್ಲಮ್ಮನ ಗುಡಿಯಲ್ಲಿ ತಾಳಿ ಕಟ್ಟಿಸಿಕೊಂಡಿದ್ದಳು. ಅವನ ಮನೆಯವರೂ ಇಬ್ಬರನ್ನೂ ಹೊರಗಟ್ಟಿದರು. ಇಲ್ಲಿ ಸಭೆ ಸೇರಿತು. ಸಭೆಯ ಪಟ್ಟಿಯಿಂದ ಅವಳ ಹೆಸರು ತೆಗೆಯೋಣ ಎಂದರು, ಅಷ್ಟೇ ಅವರು ಅಂದದ್ದು. ಆದರೆ ಹಿರಿಯನ ಮಗಳಲ್ಲವೇ, ಮಾರೆಪ್ಪ ಎದ್ದು ನಿಂತು ಯಾರೂ ಕೇಳದ ಮಾತು ಕೊಟ್ಟ: "ನನ್ನ ಮನಿಯಿಂದ ಆಕಿಗೆ ಒಂದು ಹಿಡಿ ಜ್ವಾಳ ಸೈತ ಹೋಗಂಗಿಲ್ಲ. ದೇವರ ಮುಂದ ಹೇಳಾಕತ್ತೀನಿ." ಸಭೆಯವರು ತಲೆದೂಗಿದರು. ಬಸ್ಸಮ್ಮ ಆ ದಿನದಿಂದ ಮಗಳ ಹೆಸರೆತ್ತಲಿಲ್ಲ.

ಆಮೇಲೆ ಅವನಿಗೆ ರಾಯಚೂರಿನಲ್ಲಿ ಕೆಲಸ ಸಿಕ್ಕಿತು. ಸೋಮವಾರ ಬಸ್ಸಿಗೆ ಹೋದರೆ ಶನಿವಾರ ಬರುವುದು. ಜನವರಿಯಲ್ಲಿ ಒಂದು ದಿನ ಅರಳೆ ಮಿಲ್ಲುಗಳ ಹಿಂದಿನ ಸಂದಿಯಲ್ಲಿ ಮಗಳು ಎದುರು ಬಂದಳು, ಕಂಕುಳಲ್ಲಿ ಹಸಿಗೂಸು. ತಗಡಿನ ಕೋಣೆಯೊಳಗೆ ಅಂಬಣ್ಣ ಮಲಗಿದ್ದ. ಹಮಾಲಿ ಮಾಡುವಾಗ ಅರಳೆಯ ಬೇಲು ಬೆನ್ನ ಮೇಲೆ ಬಿದ್ದಿತ್ತು. ಬಾಣಂತಿ ನೀರಂಥ ಅಂಬಲಿ ಕುಡಿಯುತ್ತಿದ್ದಳು.

ಮಾರೆಪ್ಪನ ಕೂಲಿಯೆಲ್ಲ ಬಸ್ಸಮ್ಮನ ಕೈಗೆ ಹೋಗುವುದು ಆ ಮನೆಯ ರೂಢಿ. ಜೋಳದ ಚೀಲ ತೆಗೆಯೋಣವೆಂದರೆ ಕೊಟ್ಟ ಮಾತು ಅಡ್ಡ. ಆಗ ಅವನಿಗೆ ಗಡಿಗೆ ಕಂಡಿತು. ಮನೆಯ ಜೋಳ ಕೊಡುವುದಿಲ್ಲ ಎಂದಿದ್ದೇನೆ. ಗಡಿಗೆಗೆ ಬಿದ್ದದ್ದು ಮನೆಯದಲ್ಲ, ದೇವರದು. ಹೀಗೆ ಲೆಕ್ಕ ಹಾಕಿ, ಸೋಮವಾರ ನಸುಕಿನಲ್ಲಿ ಒಂದಿಷ್ಟು ಜೋಳ ತೆಗೆದು ಕರಣಿ, ಗುಂಡು, ದಾರ ಇಡುವ ಕೆಲಸದ ಚೀಲಕ್ಕೆ ಸುರಿದುಕೊಂಡ. ಗೋಡೆ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಕೆಡವಿ ಕಟ್ಟುವ ಮನುಷ್ಯ, ಈ ಕೆಲಸ ನೆಟ್ಟಗಿದೆ ಅಂದುಕೊಂಡನಲ್ಲ!

ಮಾನಮ್ಮನ ಮೇಲೆ ಕಳವಿನ ಮಾತು ಬಂದ ಮೇಲೆ ಅವನು ಒಂದು ವಾರ ಬರಿಗೈಯಲ್ಲಿ ಹೋದ. ಮಗಳು ಏನೂ ಕೇಳಲಿಲ್ಲ. ಆದರೆ ಕೂಸು ಮೊಲೆ ಬಿಟ್ಟು ಬಿಟ್ಟು ಅಳುತ್ತಿತ್ತು. ಮುಂದಿನ ಸೋಮವಾರ ಮತ್ತೆ ಗಡಿಗೆಗೆ ಕೈ ಹಾಕಿದ.

ಮಾರ್ಚಿ ಮುಗಿಯುವ ಹೊತ್ತಿಗೆ ಮಾನಮ್ಮ ಬದಲಾದಳು. ಮೊದಲು ಅತ್ತೆಯ ಒಂದು ಮಾತಿಗೆ ಒಂದು ಮಾತು ಕೊಡುತ್ತಿದ್ದವಳು ಈಗ ಏನಂದರೂ ಸುಮ್ಮನೆ ಇರತೊಡಗಿದಳು. ನೀರು ತಂದಳು, ಕಸ ಗುಡಿಸಿದಳು, ಪ್ರತಿ ಭಾನುವಾರದಂತೆ ಮಾವನ ಕೆಲಸದ ಚೀಲ ಒಗೆದು ಒಣಗಿಸಿ ಗೂಟಕ್ಕೆ ಹಾಕಿದಳು. ಬಸ್ಸಮ್ಮ ಆ ಮೌನವನ್ನು ತಪ್ಪು ಒಪ್ಪಿಕೊಂಡಂತೆ ಎಂದು ತಿಳಿದಳು. ಏಪ್ರಿಲ್ ಮೊದಲ ಭಾನುವಾರಕ್ಕೆ ಅಳೆದಾಗ, ಸ್ವತಃ ತಾನೇ ಹಿಡಿ ಹಾಕಿದ್ದ ಗಡಿಗೆಯಲ್ಲೂ ಜೋಳ ಕಡಿಮೆ ಬಂತು. ಸೀದಾ ಹೋಗಿ ಪಾದ್ರಿ ಅಯ್ಯನವರಿಗೆ ಹೇಳಿದಳು.

ಅಯ್ಯನವರು ಮನೆಗೆ ಬಂದರು. ಚಹಾ ಕುಡಿಯುತ್ತ ಮಾರೆಪ್ಪನನ್ನು ಕೇಳಿದರು: "ಹಿರಿಯರೇ, ಇದು ನಿಮ್ಮ ಮನಿ ಮಾತು. ಹುಡುಗಿ ಪಾಠ ಚಲೋ ಒಪ್ಪಿಸ್ಯಾಳ. ಆದ್ರ ಇಂಥ ಮಾತು ಬಂದದ. ಆಕಿ ಹೆಸರು ಬರೀಲ್ಯಾ, ಬಿಡಲ್ಯಾ? ನೀವು ಹೇಳಿದಂಗ."

ಮಾರೆಪ್ಪ ಬಸಿಯಲ್ಲಿದ್ದ ಚಹಾ ನೋಡುತ್ತ ಕೂತ. ಬಾಗಿಲ ಒಳಗೆ ಮಾನಮ್ಮ ನಿಂತಿರುವುದು ಅವನಿಗೆ ಗೊತ್ತಿತ್ತು. "ಮುಂದಿನ ವರ್ಷ ನೋಡೂಣ್ರಿ," ಅಂದ.

"ಹಂಗಾಗ್ಲಿ," ಎಂದು ಅಯ್ಯನವರು ಎದ್ದರು. ಮಾನಮ್ಮ ಬಂದು ಕಪ್ಪು-ಬಸಿ ಎತ್ತಿಕೊಂಡು ಹೋದಳು. ಅವತ್ತು ಸಂಜೆ ರೊಟ್ಟಿ ಬಡಿಯುವಾಗ ಬಾಯಿಪಾಠ ಕೇಳಿಸಲಿಲ್ಲ.

ಈಸ್ಟರಿನ ಹಿಂದಿನ ಸೋಮವಾರ ನಸುಕಿನಲ್ಲಿ ಚೀಲಕ್ಕೆ ಜೋಳ ಸುರಿಯುವಾಗ, ಕತ್ತಲಲ್ಲಿ ಕೈಗೆ ಏನೋ ಮೆತ್ತಗೆ ತಾಗಿತು. ಬಸ್ಸಿಗೆ ಹೊತ್ತಾಗಿತ್ತೆಂದು ಅವನು ನೋಡಲು ನಿಲ್ಲಲಿಲ್ಲ. ರಾಯಚೂರಿನ ತಗಡಿನ ಕೋಣೆಯಲ್ಲಿ ಮಗಳೇ ಚೀಲ ಬಿಚ್ಚಿದಳು.

"ಯಪ್ಪಾ, ಈ ಸಲ ಜ್ವಾಳದಾಗ ಸಿಮೆಂಟು ಬಂದಿಲ್ಲ, ಯಾಕಂತ ನೋಡಿದೆ. ಒಳಗೊಂದು ಸಣ್ಣ ಚೀಲ ಹೊಲಿಸೀಯಲ್ಲ," ಎಂದಳು. ಆಮೇಲೆ ಒಳಗಿಂದ ಇನ್ನೊಂದು ತೆಗೆದು, "ಇದನ್ಯಾರು ಹೊಲದ್ರು ಯಪ್ಪಾ?" ಎಂದು ಮುಖದ ತುಂಬ ನಕ್ಕಳು.

ಕೂಸಿನ ಕುಲಾವಿ. ನೀಲಿ ಬಟ್ಟೆ, ಅಂಚಿಗೆ ಕೆಂಪು ದಡಿ. ಮಾನಮ್ಮನ ಮದುವೆಯ ಸೀರೆ ಅದು. ಮಾರೆಪ್ಪನೇ ಇದೇ ರಾಯಚೂರಿನ ಅಂಗಡಿಯಲ್ಲಿ ಆರಿಸಿ ತಂದಿದ್ದ. ಸೆರಗು ಕತ್ತರಿಸಿ ಒಳಚೀಲ ಹೊಲಿದಿದ್ದಳು, ಉಳಿದದ್ದರಲ್ಲಿ ಕುಲಾವಿ. ಎಸ್ತೇರಮ್ಮ ಅದನ್ನು ಕೂಸಿನ ತಲೆಗೆ ಹಾಕಿ ದಾರ ಕಟ್ಟಿದಳು. ಮಾರೆಪ್ಪ ಗೋಡೆಗೆ ಒರಗಿ ಕೂತುಬಿಟ್ಟ. ನೀರು ಕೊಟ್ಟರೆ ಕುಡಿಯಲಿಲ್ಲ.

ಗುರುವಾರ ಸಂಜೆ ಅವನು ಹಬ್ಬಕ್ಕೆಂದು ಊರಿಗೆ ಬಂದಾಗ ಬಸ್ಸಮ್ಮ ಸಂತೆಗೆ ಹೋಗಿದ್ದಳು. ಮಾನಮ್ಮ ಒಲೆಯ ಮುಂದಿದ್ದಳು.

"ಯಾವಾಗ ಗೊತ್ತಾತವ್ವಾ?" ಎಂದು ಬಾಗಿಲಲ್ಲೇ ನಿಂತು ಕೇಳಿದ.

"ಚೀಲ ಒಗಿಯೂ ಮುಂದ ಕಾಳು ಸಿಕ್ಕವು ಮಾವ. ಆಮ್ಯಾಲ ಬಳಿ ಮಾರೂ ಅಸ್ಮತ್ ಬೀ ಬಂದಿದ್ಲು, ರಾಯಚೂರಾಗ ಎಸ್ತೇರಮ್ಮನ್ನ ನೋಡೀನಂದ್ಲು. ಹೆಣ್ಣು ಕೂಸು ಅಂತ, ನೀವು ವಾರವಾರ ಹೋಗ್ತೀರಂತ."

"ಎಲ್ಲಾ ಗೊತ್ತಿದ್ದೂ ಸುಮ್ಮ ಕುಂತಿ. ನನ್ನ ಮರ್ಯಾದಿ ಹೋಗಬಾರದಂತ..."

ಮಾನಮ್ಮ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಖರೆ ಹೇಳ್ತೀನಿ ಮಾವ, ನಿಮ್ಮ ಮರ್ಯಾದಿ ಸಲುವಾಗಿ ಅಲ್ಲ. ನಾ ಬಾಯಿ ಬಿಟ್ರ ಅತ್ತಿ ಗಡಿಗಿನ ಎತ್ತಿ ಒಳಗಿಟ್ಟು ಕೀಲಿ ಹಾಕ್ತಿದ್ರು. ಆ ಕೂಸಿಗೆ ಹಾಲು ಎಲ್ಲಿಂದ ಬರಬೇಕು? ಅದಕ್ಕ ಸುಮ್ಮಿದ್ದೆ."

ಮಾರೆಪ್ಪ ಹೆಗಲ ಚೀಲ ಇಳಿಸಿ ಹೊಸ್ತಿಲ ಮೇಲೆ ಕೂತ.

"ನಿಮ್ಮ ಮ್ಯಾಲ ಸಿಟ್ಟದ ನನಗ. ಬಾಳ ಅದ," ಅಂದಳು ಅವಳು. "ನೀವೇನು ಸುಳ್ಳು ಹೇಳಿಲ್ಲ ಬಿಡ್ರಿ. ಕಳ್ಳಿ ಅಂತ ನನ್ನ ಅನ್ನೂ ಮುಂದ ಸುಮ್ಮ ಕುಂತು ರೊಟ್ಟಿ ತಿಂದ್ರಿ, ಅಷ್ಟ. ಮುಂದಿನ ವರ್ಷ ಅಂದ್ರಿ. ಹೂಂ, ಮುಂದಿನ ವರ್ಷ. ಕೈಕಾಲು ತೊಳ್ಕೋರಿ, ಉಣ್ಣಾಕ ಹಾಕ್ತೀನಿ."

ಅವಳು ಹಾಕಿದಳು. ಅವನು ಉಣ್ಣಲಿಲ್ಲ. ಮರುದಿನ ಶುಭ ಶುಕ್ರವಾರ, ಉಪವಾಸದ ದಿನ, ಯಾರೂ ಏನೂ ಕೇಳಲಿಲ್ಲ. ಶನಿವಾರವೂ ಅವನು ನೀರಿನಲ್ಲೇ ಕಳೆದ. "ಹೊಟ್ಟಿ ಸರಿ ಇಲ್ಲೇನ್ರಿ?" ಎಂದು ಬಸ್ಸಮ್ಮ ಓಮಿನ ಕಾಳು ಕೊಟ್ಟಳು.

ಈಸ್ಟರ್ ದಿನ ಚರ್ಚು ತುಂಬಿ ಹೊರಗೂ ಜನ ನಿಂತಿದ್ದರು. ದೊಡ್ಡ ಅಯ್ಯನವರು ಬಂದಿದ್ದರು. ಹಾಡು ಮುಗಿಯಿತು, ಪ್ರಸಂಗ ಮುಗಿಯಿತು. ಕರ್ತನ ಭೋಜನಕ್ಕೆ ಸೇರುವ ಹೊಸಬರ ಹೆಸರು ಓದುವುದು ಹಿರಿಯನ ಕೆಲಸ. ಮಾರೆಪ್ಪ ಕನ್ನಡಕ ಹಾಕಿಕೊಂಡು ಚೀಟಿ ಹಿಡಿದು ಮೂರು ಹೆಸರು ಓದಿದ. ಮೂವರೂ ಮುಂದೆ ಬಂದು ನಿಂತರು. ಓದಿದ ಮೇಲೆ ಅವನು ಕೂಡಬೇಕು. ಕೂಡಲಿಲ್ಲ.

"ಇನ್ನೊಂದು ಹೆಸರದ ರೀ," ಅಂದ. "ಚೀಟಿಯಾಗ ಇಲ್ಲ. ನಾನ ತೆಗಿಸೀನಿ."

ಪಾದ್ರಿ ಅಯ್ಯನವರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಹಿರಿಯರೇ, ಹಬ್ಬದ ದಿನ. ಆಮ್ಯಾಲ ಕುಂತು ಮಾತಾಡೂಣು ಬರ್ರಿ," ಎಂದರು.

"ಆಮ್ಯಾಲ ಅಂದ್ರ ನಾ ಹೇಳಂಗಿಲ್ರಿ. ನನ್ನ ನಾ ಬಲ್ಲೆ."

ದೊಡ್ಡ ಅಯ್ಯನವರು ಕೈ ಎತ್ತಿದರು, ಪಾದ್ರಿ ಹಿಂದೆ ಸರಿದರು. ಮಾರೆಪ್ಪ ಸಭೆಯ ಕಡೆ ತಿರುಗಿದ.

"ದೇವರ ಗಡಿಗಿಗೆ ಕೈ ಹಾಕಿದಾಂವ ನಾನು. ಮೂರು ತಿಂಗಳು ಹಾಕೀನಿ. ರಾಯಚೂರಾಗ ನನ್ನ ಮಗಳು ಬಾಣಂತಿ ಅದಾಳ, ಉಪವಾಸ ಅದಾಳ. ಆಕಿಗೆ ಒಯ್ದು ಕೊಟ್ಟೀನಿ. ಮನಿಯಿಂದ ಒಂದು ಹಿಡಿ ಕೊಡಂಗಿಲ್ಲ ಅಂತ ಇಲ್ಲೇ ನಿಂತು ಮಾತು ಕೊಟ್ಟಿದ್ದೆ. ಆ ಮಾತು ಉಳಸ್ಕೊಳ್ಳಾಕ ದೇವರದ ಕದ್ದೆ. ದೇವರಿಗೇ ಚೌಕಾಶಿ ಮಾಡಿದೆ. ಮಗಳಿಗೆ ಕೊಟ್ಟದ್ದಕ್ಕ ನನಗ ಪಶ್ಚಾತ್ತಾಪ ಇಲ್ಲ, ಅದನ್ನೂ ಹೇಳಿಬಿಡ್ತೀನಿ. ಸೊಸಿಗೆ ಕಳ್ಳಿ ಅಂದಾಗ ಬಾಯಿ ಮುಚ್ಕೊಂಡಿದ್ದೆ. ಅದು ಪಾಪ. ಹಿರಿಯ ಅಂತ ನನ್ನ ಕರೀಬ್ಯಾಡ್ರಿ ಇನ್ನ."

ಹೆಂಗಸರ ಕಡೆ ಯಾರೋ "ಅಯ್ಯ ನನ್ನವ್ವಾ" ಅಂದರು. ಎಲ್ಲರ ಕಣ್ಣೂ ಬಸ್ಸಮ್ಮನ ಮೇಲೆ.

ಮಾರೆಪ್ಪ ಚೀಟಿಯನ್ನು ಬೆಂಚಿನ ಮೇಲಿಟ್ಟ. ನಡುವಿನ ದಾರಿಯಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಹಿಂದಿನ ಚಾಪೆಯ ತನಕ ಬಂದು ಮಾನಮ್ಮನ ಮುಂದೆ ನಿಂತ.

"ಏಳವ್ವಾ," ಅಂದ. "ಈ ಜಾಗಾ ನಂದು. ನೀ ಮುಂದ ಹೋಗು."

ಮಾನಮ್ಮ ಏಳಲಿಲ್ಲ. ತೊಡೆಯ ಮೇಲೆ ಯಾರದೋ ಮಗು ಕೂತಿತ್ತು, ಅದನ್ನು ಇಳಿಸುವುದೂ ಅವಳಿಗೆ ತಿಳಿಯಲಿಲ್ಲ. ಗಂಡಸರ ಕಡೆಯಿಂದ ಸಾಮುವೇಲ ಎದ್ದು ಬಂದು ಮಗುವನ್ನು ಎತ್ತಿಕೊಂಡ. "ನಡಿ," ಎಂದ ಗಟ್ಟಿ ದನಿಯಲ್ಲಿ, ತಾಯಿ ಕೇಳುವ ಹಾಗೆ. ಅವಳು ಸೆರಗು ಹೊದ್ದುಕೊಂಡು ಮುಂದೆ ಹೋದಳು. ಅರ್ಧ ಸೆರಗಿನ ನೀಲಿ ಸೀರೆ. ತಲೆಯ ಮೇಲೆ ಬರುವಷ್ಟೂ ಉಳಿದಿರಲಿಲ್ಲ, ಕೈಯಲ್ಲಿ ಜಗ್ಗಿ ಹಿಡಿದುಕೊಂಡಿದ್ದಳು. ದೊಡ್ಡ ಅಯ್ಯನವರು ಕೇಳಿದ್ದಕ್ಕೆಲ್ಲ ಒಂದೂ ತಪ್ಪದೆ ಹೇಳಿದಳು. ಎಂಟನೇ ಆಜ್ಞೆಗೆ ಬಂದಾಗ ದನಿ ಒಡೆಯಿತು, ನಿಂತು, ಮತ್ತೆ ಹೇಳಿದಳು. ಆಮೇಲೆ ಮೊಣಕಾಲೂರಿ ಅಂಗೈ ಚಾಚಿದಳು. ನಮ್ಮಲ್ಲಿ ಅಳದವರು ಕಡಿಮೆ. ಹಿಂದೆ, ಮಕ್ಕಳ ನಡುವೆ, ಮಾರೆಪ್ಪ ಚಾಪೆಯ ಮೇಲೆ ಮುದುರಿ ಕೂತು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದ. ಇಪ್ಪತ್ತು ವರ್ಷ ಅವನ ಪ್ರಾರ್ಥನೆ ಕೇಳಿದವರು ನಾವು, ಅವನು ಹಿಂದೆ ಕೂತು ಪ್ರಾರ್ಥಿಸಿದ್ದು ಕಂಡದ್ದು ಅವತ್ತೇ ಮೊದಲು.

ಬಸ್ಸಮ್ಮನ ಸಾಲು ಬಂದಾಗ ಅವಳು ಏಳಲಿಲ್ಲ. "ಬರ್ರಿ," ಎಂದು ಪಕ್ಕದವಳು ಕರೆದರೆ ತಲೆ ಅಲ್ಲಾಡಿಸಿದಳು. "ಮನಿಯಾಗಿನವ್ರ ಜೋಡಿ ಸರಿಮಾಡ್ಕೊಳ್ಳೂದು ಬಾಕಿ ಅದ. ಅದಾದ ಮ್ಯಾಲ," ಅಂದಳು.

ಹಬ್ಬದ ಊಟಕ್ಕೆ ಎಲ್ಲರೂ ಕೂತರು. ಕುರಿ ಮಾಂಸದ ಸಾರು ಆರಿತು. ಕೊನೆಗೆ ಬಸ್ಸಮ್ಮ ಗೋಡೆ ನೋಡುತ್ತ ಗಂಡನನ್ನು ಕೇಳಿದಳು.

"ಕೂಸು ಯಾರಂಗ ಅದ?"

"ಎಸ್ತೇರಮ್ಮ ಸಣ್ಣಾಕಿ ಇದ್ದಾಗ ಇದ್ದಂಗ."

"ಹೆಸರು?"

"ಇನ್ನೂ ಇಟ್ಟಿಲ್ಲ. ತವರುಮನಿಯಿಂದ ಯಾರೂ ಬಂದಿಲ್ಲಲ್ಲ. ಕೂಸು ಅಂತನ ಕರೀತಾರ."

ಬಸ್ಸಮ್ಮ ಗಂಗಾಳ ಸರಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಒಳಗೆ ಹೋದಳು. ಎರಡು ವರ್ಷದ್ದು ಒಮ್ಮೆಲೇ ಅತ್ತಳು. ಮಾನಮ್ಮ ಚೊಂಬಿನಲ್ಲಿ ನೀರು ಒಯ್ದು ಪಕ್ಕದಲ್ಲಿಟ್ಟು ಬಂದಳು.

ಸೋಮವಾರ ಬೆಳಿಗ್ಗೆ ಬಸ್ಸಮ್ಮ ಹಬ್ಬದ ಸೀರೆ ಉಟ್ಟು ತಯಾರಾಗಿದ್ದಳು. ಕೆಲಸದ ಚೀಲ ಗೂಟದಿಂದ ಇಳಿಸಿ, ಒಳಗಿನ ನೀಲಿ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದಳು. ಆಮೇಲೆ ಮನೆಯ ಜೋಳದ ಚೀಲದ ಬಾಯಿ ಬಿಚ್ಚಿದಳು.

"ನಾ ದೇವರ ಮುಂದ ಮಾತು ಕೊಟ್ಟೀನಿ..." ಎಂದು ಮಾರೆಪ್ಪ ತಡವರಿಸಿದ.

"ನೀವು ಕೊಟ್ಟೀರಿ. ನಾ ಕೊಟ್ಟಿಲ್ಲ. ಆ ಮಾತು ಕೇಳಿ ದೇವರೇನು ಖುಷಿ ಪಟ್ಟಾನಂತ ತಿಳದೀರೇನು? ಬಾಯಿ ಮುಚ್ಕೊಂಡು ನಡ್ರಿ ಬಸ್ಸಿಗೆ." ಸೊಸೆಯ ಕಡೆ ತಿರುಗಿ ಸೇರನ್ನು ಚಾಚಿದಳು. ಆ ಮನೆಯಲ್ಲಿ ಆ ಸೇರು ಬೇರೆಯವರ ಕೈಗೆ ಹೋದದ್ದು ಅದೇ ಮೊದಲು. "ನೀನ ಅಳದು ಹಾಕು."

ಮಾನಮ್ಮ ನಾಲ್ಕು ಸೇರು ಅಳೆದು ಸುರಿದಳು. ಬಸ್ಸಮ್ಮ ಚೀಲ ಬಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದವಳು, ಮತ್ತೆ ತಿರುಗಿ ನಿಂತಳು.

"ಒಲಿ ಹೊತ್ತಿಸೂ ಮುಂಚೆ ಗಡಿಗಿಗೆ ಹಾಕು."

ಮಾನಮ್ಮ ಅತ್ತೆಯ ಮುಖ ನೋಡಿದಳು. "ನನ್ನ ಹಿಡಿ ಸಣ್ಣದು ಅತ್ತಿ."

"ಗೊತ್ತದ," ಅಂದಳು ಬಸ್ಸಮ್ಮ. "ನೀ ಹಾಕು."

ಮಾನಮ್ಮ ಹಾಕುವ ತನಕ ಬಸ್ಸಮ್ಮ ಬಾಗಿಲಲ್ಲೇ ನಿಂತಿದ್ದು, ಆಮೇಲೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.